ಊಟ ಬಿಟ್ರಿ ಸರಿ, ಮಾತ್ರೆ ಏನ್ ಮಾಡಿದ್ರಿ?

ಬಸವನಗುಡಿ ಕಡೆ ಕ್ಲಿನಿಕ್ ಇಟ್ಕೊಂಡು 18 ವರ್ಷದಿಂದ ಶುಗರ್ ಇರೋರನ್ನೇ ಜಾಸ್ತಿ ನೋಡ್ತಿದೀನಿ. ಮೊದ್ಲೆಲ್ಲ ರಾತ್ರಿ ಊಟಕ್ಕೆ ಒಂದು ಸೌಟು ಅನ್ನ ಕಮ್ಮಿ ಮಾಡ್ಸೋಕೆ ಬೇಡ್ಕೋಬೇಕಿತ್ತು, ಈಗ ಹಾಗಿಲ್ಲ, ಬಂದು ಕೂರೋಕೆ ಮುಂಚೆನೇ "ಡಾಕ್ಟ್ರೇ, ಅನ್ನ ಮುದ್ದೆ ಚಪಾತಿ ಎಲ್ಲ ಬಂದ್, ದಿನಾ 16 ಗಂಟೆ ಫಾಸ್ಟಿಂಗ್, ಮೂರು ವಾರ ಆಯ್ತು" ಅಂತಾರೆ. ಖುಷಿನೇ ನಂಗೆ. ಆಮೇಲೆ ಒಂದೇ ಪ್ರಶ್ನೆ ಕೇಳ್ತೀನಿ, ಮಾತ್ರೆ ಏನ್ ಮಾಡಿದ್ರಿ? "ಮಾತ್ರೆ ಒಂದು ದಿನಾನೂ ತಪ್ಪಿಸಿಲ್ಲ ಡಾಕ್ಟ್ರೇ" ಅಂತ ಹೆಮ್ಮೆಯಿಂದ ಹೇಳ್ತಾರೆ ನೋಡಿ, ಅಲ್ಲೇ ನಂಗೆ ಎದೆ ಧಸಕ್ ಅನ್ನೋದು.

ಶುಗರ್ ಮಾತ್ರೆ ಎಲ್ಲಾ ಒಂದೇ ಅಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ತಗೋತಿದ್ರೆ ಶುಗರ್ ತೀರಾ ಕೆಳಗೆ ಬೀಳೋದು ಅಪರೂಪ. ಆದ್ರೆ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಇವು ಬೇರೆ ಜಾತಿ, ಇವು ಪ್ಯಾಂಕ್ರಿಯಾಸ್‌ನಿಂದ ಇನ್ಸುಲಿನ್, ಅಂದ್ರೆ ರಕ್ತದ ಸಕ್ಕರೆ ಇಳಿಸೋ ಹಾರ್ಮೋನು, ಹೊರಗೆ ತಳ್ಳಿಸ್ತವೆ, ನೀವು ತಿಂದ್ರೂ ಸರಿ ಬಿಟ್ರೂ ಸರಿ. ನಮ್ಮ ಬೆಂಗಳೂರಿನೋರಿಗೆ ಅರ್ಥ ಆಗೋ ಹಾಗೆ ಹೇಳ್ತೀನಿ. ರಕ್ತ ಅನ್ನೋದು ಸಂಪು, ಊಟ ಕಾವೇರಿ ನೀರು, ಈ ಮಾತ್ರೆ ಮೋಟರ್ ಸ್ವಿಚ್ಚು. ನೀರು ಬರೋ ದಿನ ಮೋಟರ್ ಹಾಕಿದ್ರೆ ಏನೂ ತೊಂದ್ರೆ ಇಲ್ಲ. ನೀರೇ ಬಿಟ್ಟಿಲ್ಲ, ನೀವು ಎಂದಿನ ಹಾಗೆ ಬೆಳಿಗ್ಗೆ ಎದ್ದು ಸ್ವಿಚ್ ಹಾಕ್ತೀರ, ಸಂಪು ಏನಾಗ್ಬೇಕು? ಬೋರ್‌ವೆಲ್ ಇದ್ಯಲ್ಲ ಅಂತ ತಿಳ್ಕೊಂಡೋರು ಕೇಳ್ತಾರೆ, ಹೌದು, ಲಿವರ್ ಅದೇ ಕೆಲ್ಸ ಮಾಡುತ್ತೆ, ಉಪವಾಸ ಇದ್ದಾಗ ಅದೇ ಸಕ್ಕರೆ ಬಿಡೋದು, ಆದ್ರೆ ಇನ್ಸುಲಿನ್ ಜಾಸ್ತಿ ಇದ್ದಾಗ ಆ ಬೋರ್‌ವೆಲ್ಲೂ ಬಂದ್ ಆಗ್ಬಿಡುತ್ತೆ.

ಹೋದ ವರ್ಷ ಒಬ್ಬ ರಿಟೈರ್ಡ್ ಬ್ಯಾಂಕಿನೋರು, ಅರವತ್ತೆಂಟು ವಯಸ್ಸು, ತುಂಬಾ ಶಿಸ್ತಿನ ಮನುಷ್ಯ, ನನಗೆ ಹೇಳ್ದೆನೇ ತಿಂಡಿ ಬಿಟ್ಟು ಮಧ್ಯಾಹ್ನ ಬರೀ ಪಲ್ಯ, ಮೊಸರು, ಮೊಳಕೆಕಾಳು ಶುರು ಮಾಡಿದ್ರು. ಬೆಳಿಗ್ಗೆ ಆರಕ್ಕೆ ಗ್ಲಿಮೆಪಿರೈಡ್ ನುಂಗಿ ಲಾಲ್‌ಬಾಗ್‌ಗೆ ವಾಕಿಂಗ್. ಒಂದಿನ ಅಲ್ಲೇ ಬೆಂಚ್ ಮೇಲೆ ಕೂತೋರು ಬೆವತು ತೊಪ್ಪೆಯಾಗಿ ಏನೇನೋ ಮಾತಾಡೋಕೆ ಶುರು ಮಾಡಿದ್ರಂತೆ, ಜೊತೆಯೋರು ಹಾರ್ಟ್ ಅಟ್ಯಾಕ್ ಅನ್ಕೊಂಡು ಆಟೋದಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದ್ರು, ಶುಗರ್ ನೋಡಿದ್ರೆ 41. 70ಕ್ಕಿಂತ ಕೆಳಗಿದ್ರೇನೇ ಕಮ್ಮಿ ಅಂತ ಲೆಕ್ಕ, 54ಕ್ಕಿಂತ ಕೆಳಗೆ ಹೋದ್ರೆ ಅಪಾಯ. ಗ್ಲೂಕೋಸ್ ಹಾಕಿದ ಮೇಲೆ ಸರಿ ಹೋದ್ರು, ಮಧ್ಯಾಹ್ನ ಮತ್ತೆ ಬಿತ್ತು, ಯಾಕಂದ್ರೆ ಈ ಮಾತ್ರೆ ಕೆಲಸ ಗಂಟೆಗಟ್ಟಲೆ ನಡೀತಾನೇ ಇರುತ್ತೆ, ಕಿಡ್ನಿ ಸ್ವಲ್ಪ ವೀಕ್ ಇದ್ರೆ ಇನ್ನೂ ಉದ್ದ. ಎರಡು ದಿನ ಆಸ್ಪತ್ರೇಲೇ ಇಟ್ಕೊಂಡ್ರು. ಅವರ ಹೆಂಡತಿ ಆಮೇಲೆ ನನ್ನ ಮುಂದೆ ಕೂತು ಕೇಳಿದ್ದು ಇವತ್ತಿಗೂ ಮರೆತಿಲ್ಲ. "ಮಾತ್ರೆನೂ ಸರಿಯಾಗಿ ತಗೊಂಡ್ರು, ಪಥ್ಯಾನೂ ಮಾಡಿದ್ರು, ಇವ್ರಿಗೆ ಯಾಕೆ ಹಿಂಗಾಯ್ತು ಡಾಕ್ಟ್ರೇ?" ಎರಡೂ ಒಳ್ಳೇದೇ ಅಲ್ವಾ, ಸೇರ್ಸಿದ್ರೆ ಇನ್ನೂ ಒಳ್ಳೇದಾಗ್ಬೇಕು ಅನ್ನೋದು ಆಯಮ್ಮನ ಲೆಕ್ಕ, ನನ್ನ ಹತ್ರ ಬರೋ ಮುಕ್ಕಾಲು ಜನರ ಲೆಕ್ಕಾನೂ ಅದೇ. ಆದ್ರೆ ಆ ಮಾತ್ರೆ ಡೋಸು ನಾನು ಬರೆದಿದ್ದು ಮೂರು ಹೊತ್ತು ಅನ್ನ ಚಪಾತಿ ತಿನ್ನೋ ಮನುಷ್ಯನಿಗೆ. ಅವರು ಈಗ ಆ ಮನುಷ್ಯ ಅಲ್ಲ.

ಇಂಗ್ಲೆಂಡ್, ಸ್ಕಾಟ್ಲೆಂಡ್‌ನಲ್ಲಿ ಡೈರೆಕ್ಟ್ ಅಂತ ಒಂದು ಸ್ಟಡಿ ಆಯ್ತು, 2017ರಲ್ಲಿ ರಿಸಲ್ಟ್ ಬಂತು. ಅನ್ನ ಚಪಾತಿ ಬಿಡೋ ಲೋ ಕಾರ್ಬ್ ಅಲ್ಲ ಅದು, ಮೂರರಿಂದ ಐದು ತಿಂಗಳು ದಿನಕ್ಕೆ 850 ಕ್ಯಾಲೊರಿ ಹತ್ತಿರದ ಆಹಾರ ಅಷ್ಟೇ. ಒಂದು ವರ್ಷಕ್ಕೆ ಹತ್ತಿರ ಹತ್ತಿರ ಅರ್ಧ ಜನಕ್ಕೆ, 46%, ಮಾತ್ರೆ ಇಲ್ದೆ ಶುಗರ್ ಡಯಾಬಿಟಿಸ್ ಲೆವೆಲ್‌ಗಿಂತ ಕೆಳಗೆ ಬಂತು. ಈ 46 ನನ್ನ ಪೇಷಂಟ್‌ಗಳಿಗೆ ಬಾಯಿಪಾಠ. ಆದ್ರೆ ಅಲ್ಲಿ ಮೊದಲ್ನೇ ದಿನಾನೇ ಶುಗರ್ ಮಾತ್ರೆ, ಬಿಪಿ ಮಾತ್ರೆ ಎರಡೂ ಡಾಕ್ಟರ್‌ಗಳೇ ನಿಲ್ಸಿದ್ರು, ಇನ್ಸುಲಿನ್ ತಗೊಳ್ಳೋರನ್ನ ಸೇರಿಸ್ಕೊಂಡೇ ಇರ್ಲಿಲ್ಲ ಅನ್ನೋದನ್ನ ಯಾರೂ ಓದಿರಲ್ಲ.

ಬಿಪಿ ಮಾತ್ರೆ ಯಾಕೆ ಅಂತೀರಾ, ಊಟ ಕಮ್ಮಿಯಾಗಿ ಇನ್ಸುಲಿನ್ ಇಳಿದಾಗ ಕಿಡ್ನಿ ಉಪ್ಪು ನೀರು ಎರಡನ್ನೂ ಹೊರಗೆ ಹಾಕುತ್ತೆ, ಮೊದಲ್ನೇ ವಾರ ತೂಕ ಸರ್ರಂತ ಇಳಿಯೋದ್ರಲ್ಲಿ ಅದರ ಪಾಲು ದೊಡ್ಡದು, ಹಳೇ ಡೋಸ್ ಬಿಪಿ ಮಾತ್ರೆನೂ ಇದ್ರೆ ಎದ್ದು ನಿಂತಾಗ ತಲೆ ಸುತ್ತುತ್ತೆ.

ಇನ್ನೊಂದು, ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಮೂತ್ರದಲ್ಲಿ ಸಕ್ಕರೆ ಹೊರಗೆ ಕಳ್ಸೋ ಮಾತ್ರೆಗಳು. ಹಾರ್ಟ್‌ಗೂ ಕಿಡ್ನಿಗೂ ಒಳ್ಳೇವು, ನಾನೇ ತುಂಬಾ ಜನಕ್ಕೆ ಬರೀತೀನಿ. ಆದ್ರೆ ಇವು ತಗೊಂಡು ಉದ್ದ ಉಪವಾಸ ಮಾಡಿದ್ರೆ ಕೆಲವರಿಗೆ ರಕ್ತದಲ್ಲಿ ಕೀಟೋನ್ (ಕೊಬ್ಬು ಕರಗಿದಾಗ ಬರೋ ಆಮ್ಲ) ಏರಿ ಕೀಟೋಅಸಿಡೋಸಿಸ್, ಅಂದ್ರೆ ರಕ್ತ ಹುಳಿಯಾಗೋ ಅಪಾಯದ ಸ್ಥಿತಿ, ಆಗುತ್ತೆ, ಗ್ಲೂಕೋಮೀಟರ್ ಮಾತ್ರ 160, 180 ತೋರಿಸ್ತಿರುತ್ತೆ. ವಾಂತಿ, ಹೊಟ್ಟೆನೋವು, ಏದುಸಿರು ಬಂದ್ರೆ ಗ್ಯಾಸ್ಟ್ರಿಕ್ ಅಂತ ಮಜ್ಜಿಗೆ ಕುಡಿದು ಮಲಗಬೇಡಿ, ಸೀದಾ ಆಸ್ಪತ್ರೆ.

ಇದನ್ನ ಓದಿ ಮಾತ್ರೆ ನೀವೇ ನಿಲ್ಸೋದೂ ಬೇಡ. ಟೈಪ್ 1, ಅಂದ್ರೆ ದೇಹದಲ್ಲಿ ಇನ್ಸುಲಿನ್ ಹೆಚ್ಚುಕಮ್ಮಿ ತಯಾರೇ ಆಗದ ಡಯಾಬಿಟಿಸ್ ಇರೋರು ಇನ್ಸುಲಿನ್ ಬಿಟ್ರೆ ಜೀವಕ್ಕೇ ಅಪಾಯ. ಬೇರೆಯವರು ಪಥ್ಯ, ಫಾಸ್ಟಿಂಗ್ ಶುರು ಮಾಡೋಕೆ ಒಂದು ವಾರ ಮುಂಚೆ ಡಾಕ್ಟರ್ ಹತ್ರ ಹೋಗಿ, ಸ್ಟ್ರಿಪ್ ತಗೊಂಡೇ ಹೋಗಿ, ಯಾಕಂದ್ರೆ ಒಂದೇ ಪುಟ್ಟ ಮಾತ್ರೇಲಿ ಎರಡು ಮೂರು ಔಷಧ ಸೇರಿರುತ್ತೆ. ಬೆವರು, ನಡುಕ, ಎದೆ ಬಡಿತ ಬಂದ್ರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡೀರಿ, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ. ಅಯ್ಯೋ ಫಾಸ್ಟಿಂಗ್ ಮುರಿದು ಹೋಗುತ್ತೆ ಅಂತ ಸಕ್ಕರೆ ಮುಟ್ಟದೆ ಕೂತಿದ್ದೋರನ್ನೂ ನೋಡಿದೀನಿ, ದಯವಿಟ್ಟು ಹಾಗೆ ಮಾಡ್ಬೇಡಿ.

ಆ ಬ್ಯಾಂಕಿನೋರು ಈಗ್ಲೂ ಕಮ್ಮಿ ಅನ್ನದಲ್ಲೇ ಇದಾರೆ. ಗ್ಲಿಮೆಪಿರೈಡ್ ಪೂರ್ತಿ ನಿಲ್ಸಿದೀನಿ, ಮೂರು ತಿಂಗಳ ಸರಾಸರಿ ಶುಗರ್ (HbA1c ಟೆಸ್ಟ್) 6.4%ಗೆ ಬಂದಿದೆ. ಏಕಾದಶಿಗೆ ನಾಲ್ಕು ದಿನ ಮುಂಚೆ ಅವರ ಹೆಂಡತಿ ಫೋನ್ ಮಾಡಿ, ಡಬ್ಬಿಯಿಂದ ಒಂದೊಂದೇ ಸ್ಟ್ರಿಪ್ ತೆಗೆದು ಹೆಸರು ಓದ್ತಾರೆ, ಯಾವುದು ಇರ್ಲಿ ಯಾವುದು ಬೇಡ ಅಂತ ನಾನು ಹೇಳ್ತೀನಿ, ಅವರು ಬರ್ಕೋತಾರೆ.