ಅಳಗುಳಿ ಮಣೆ: ಕೈ ಎಲ್ಲಿ ನಿಲ್ಲುತ್ತದೆ?

ಜಾನಪದ ಓದುವಾಗ ‘ಮಕ್ಕಳ ಆಟಗಳು’ ಅನ್ನೋ ಭಾಗ ಬರುತ್ತದೆ ಅಲ್ವಾ, ಅದಕ್ಕೆ ಈ ಟಿಪ್ಪಣಿ. ಲಗೋರಿ, ಚಿನ್ನಿದಾಂಡು, ಕುಂಟೆಬಿಲ್ಲೆ ಎಲ್ಲರೂ ಆಡಿದವೇ, ಅವನ್ನು ಬಿಡುತ್ತೇನೆ. ತಲೆ ತಿನ್ನುವುದು ಅಳಗುಳಿ ಮಣೆ.

ಇಬ್ಬರು ಆಡುವ ಆಟ. ಮಣೆಯಲ್ಲಿ ಎರಡು ಸಾಲು, ಸಾಲಿಗೆ 7 ಗುಳಿ. ಕಾಯಿಗೆ ಹುಣಿಸೆ ಬೀಜ, ಗುಲಗಂಜಿ, ಕವಡೆ ಏನಾದರೂ ಆದೀತು. ಗುಳಿಗೆ 5 ಹಾಕಿದರೆ ಒಟ್ಟು 70. ತುಳುನಾಡಿನಲ್ಲಿ ಇದಕ್ಕೆ ಚೆನ್ನೆಮಣೆ ಅಂತಾರೆ, ಅಲ್ಲಿ ಸಾಮಾನ್ಯವಾಗಿ 4, ಅಂದರೆ 56. ಊರಿಗೊಂದು ನಿಯಮ ಇದೆ. ನಾನಿಲ್ಲಿ ಹಿಡಿದಿರುವುದು ತುಂಬ ಕಡೆ ಆಡುವ ಒಂದನ್ನು.

ತೊಡಕು ಇಲ್ಲಿದೆ

ನಿಮ್ಮ ಸಾಲಿನ ಒಂದು ಗುಳಿಯ ಕಾಯಿಗಳನ್ನೆಲ್ಲ ಎತ್ತಿ, ಬಲಕ್ಕೆ ಗುಳಿಗೊಂದರಂತೆ ಹಾಕುತ್ತಾ ಹೋಗಬೇಕು. ಸಾಲು ಮುಗಿದರೆ ಎದುರಿನವರ ಸಾಲಿಗೆ ತಿರುಗಬೇಕು. ಕೈ ಖಾಲಿಯಾದಾಗ ಯಾವ ಗುಳಿ ಎತ್ತಬೇಕು? ಪೂರ್ವ ಆಫ್ರಿಕಾದ ಬಾವೊ ಇದರದೇ ಬಳಗದ ಆಟ. ಅಲ್ಲಿ ಕೊನೆಯ ಕಾಯಿ ಬಿದ್ದ ಗುಳಿಯನ್ನೇ ಎತ್ತುತ್ತಾರೆ. ಇಲ್ಲಿ ಹಾಗಲ್ಲ, ಅದರ ಮುಂದಿನ ಗುಳಿಯನ್ನು ಎತ್ತಬೇಕು. ಆ ಮುಂದಿನದು ಬರಿ ಗುಳಿಯಾಗಿದ್ದರೆ ನಿಮ್ಮ ಸರದಿ ಮುಗಿಯಿತು. ಬರಿ ಗುಳಿಯ ಆಚೆ ಇರುವ ಗುಳಿಯ ಕಾಯಿಗಳೆಲ್ಲ ನಿಮ್ಮವು. ಅದೂ ಬರಿದಾಗಿದ್ದರೆ ಏನೂ ಸಿಗುವುದಿಲ್ಲ.

ಗುಳಿಗಳಿಗೆ ನಂಬರ್ ಕೊಡಿ. ನಿಮ್ಮವು ಎಡದಿಂದ 1ರಿಂದ 7. ಏಳರ ಎದುರಿನದು 8, ಅಲ್ಲಿಂದ ಹಿಂದಕ್ಕೆ 14ರವರೆಗೆ.

ಗುಳಿಗೆ 5 ಇಟ್ಟು 1ನ್ನು ಎತ್ತಿದಿರಿ. ಕಾಯಿ 2ರಿಂದ 6ರವರೆಗೆ ಬೀಳುತ್ತವೆ. ಮುಂದಿನದು 7, ಎತ್ತಿ. 8ರಿಂದ 12 ಆಯಿತು. ಈಗ 13ನ್ನು ಎತ್ತಿ. 14, 1, 2, 3, 4ಕ್ಕೆ ಹಾಕಿದಿರಿ. ಮುಂದಿನದು 5. ಅದರಲ್ಲಿ ಈಗ 6 ಕಾಯಿ ಇವೆ, ಯಾಕಂದರೆ ಮೊದಲ ಸುತ್ತಲ್ಲೇ ಅಲ್ಲಿ ಒಂದು ಬಿದ್ದಿತ್ತು. ಇದನ್ನು ಮರೆತರೆ ಲೆಕ್ಕ ಪೂರ್ತಿ ಹಾಳು. ಆ ಆರು 6ರಿಂದ 11ಕ್ಕೆ ಹೋದವು. ಮುಂದೆ 12, ಅದರಲ್ಲೂ 6. ಅವು 13, 14, 1, 2, 3, 4ಕ್ಕೆ. ಮುಂದಿನ 5? ಈಗಷ್ಟೇ ಎತ್ತಿದ್ದು, ಬರಿದು. ಆಚೆಯ 6ರಲ್ಲಿ 7 ಕಾಯಿ. ಅವು ನಿಮ್ಮವು.

ನಾನು ಕಾಗದದ ಮೇಲೆ ಮಾಡುವಾಗ ಒಂದು ಅಡ್ಡದಾರಿ ಹಿಡಿಯುತ್ತೇನೆ. ಗುಳಿಯ ನಂಬರಿಗೆ ಅದರ ಕಾಯಿ ಕೂಡಿಸಿ, ಮೇಲೆ ಒಂದು ಸೇರಿಸಿ. 14 ದಾಟಿದರೆ 14 ಕಳೆಯಿರಿ. ಮುಂದೆ ಎತ್ತುವ ಗುಳಿ ಅದೇ. 1+5+1=7, 7+5+1=13, 13+5+1=19, ಅಂದರೆ 5. ಕೈ ಎಲ್ಲಿ ಮುಗಿಯಿತು ಅಂತ ಕಣ್ಣಲ್ಲಿ ಹುಡುಕುವ ಗೋಜೇ ಇಲ್ಲ. ಕಾಯಿ ಹಾಕುವುದನ್ನು ಮಾತ್ರ ಬಿಡುವ ಹಾಗಿಲ್ಲ.

ಇನ್ನೊಂದು ಮಜಾ ಇದೆ. ಶುರುವಿನಲ್ಲಿ ಎಲ್ಲ ಗುಳಿಯೂ ಒಂದೇ ಸಮ. ಹಾಗಾಗಿ ಮೊದಲ ಸರದಿಯಲ್ಲಿ ಯಾವ ಗುಳಿ ಎತ್ತಿದರೂ ಸಿಗುವುದು 7 ಕಾಯಿ, ಎತ್ತಿದ್ದರಿಂದ ಐದನೇ ಗುಳಿಯದು. 1 ಅಥವಾ 2 ಎತ್ತಿದರೆ ನಿಮ್ಮ ಸಾಲಿನ ಗುಳಿಯೇ ಬರಿದಾಗುತ್ತದೆ. 3ರಿಂದ 7ರವರೆಗೆ ಯಾವುದನ್ನು ಎತ್ತಿದರೂ ಎದುರಿನವರ ಗುಳಿ ಖಾಲಿ. ನನ್ನ ಆಯ್ಕೆ ಯಾವಾಗಲೂ 3ರಿಂದಾಚೆ.

ಆಚರಣೆ, ನಂಬಿಕೆ

ತುಳುನಾಡಿನಲ್ಲಿ ಇದು ಆಟಿ ತಿಂಗಳ ಆಟ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಜಡಿಮಳೆ, ನಾಟಿ ಮುಗಿದಿರುತ್ತದೆ, ಹೆಂಗಸರೂ ಮಕ್ಕಳೂ ಒಳಗೇ. ಅಶೋಕವನದಲ್ಲಿ ಸೀತೆ ಹೊತ್ತು ಕಳೆಯಲು ಆಡಿದ್ದೆಂದು ಹೇಳುವ ‘ಸೀತೆ ಆಟ’ವೂ ಉಂಟು, ಒಬ್ಬರೇ ಆಡುವುದು.

ಅಕ್ಕ–ತಂಗಿ ಎದುರುಬದುರು ಕೂತು ಚೆನ್ನೆ ಆಡಬಾರದು ಅನ್ನುತ್ತಾರೆ. ಇದರ ಬೇರು ಸಿರಿ ಪಾಡ್ದನದಲ್ಲಿದೆ, ಅಂದರೆ ಸಿರಿ ಎಂಬವಳ ಕಥೆ ಹೇಳುವ ತುಳು ಜನಪದ ಹಾಡಿನಲ್ಲಿ. ಸಿರಿಯ ಮೊಮ್ಮಕ್ಕಳು ಅಬ್ಬಗ, ದಾರಗ, ಅವಳಿಗಳು. ಚೆನ್ನೆ ಆಡುತ್ತಾ ಜಗಳ ಹತ್ತಿ, ಅಬ್ಬಗ ಅದೇ ಮಣೆಯಿಂದ ದಾರಗಳ ತಲೆಗೆ ಹೊಡೆಯುತ್ತಾಳೆ. ದಾರಗ ಸಾಯುತ್ತಾಳೆ, ಅಬ್ಬಗ ಬಾವಿಗೆ ಹಾರುತ್ತಾಳೆ. ಮೇಲಿನ ಲೆಕ್ಕ ಮಾಡಿದ ಮೇಲೆ ನನಗೆ ಈ ಜಗಳ ವಿಚಿತ್ರ ಅನ್ನಿಸುವುದಿಲ್ಲ. ಎಲ್ಲೋ ಒಂದರ ಬದಲು ಎರಡು ಕಾಯಿ ಬಿದ್ದರೆ ಕೈ ನಿಲ್ಲುವ ಜಾಗವೇ ಬದಲಾಗುತ್ತದೆ. ‘ಮೋಸ ಮಾಡಿದೆ’ ಅಂದರೆ ‘ಇಲ್ಲ’ ಅನ್ನೋಕೆ ಸಾಕ್ಷಿಯೇ ಇರುವುದಿಲ್ಲ. ಇದನ್ನು ‘ಸುಮ್ನೆ ಮನರಂಜನೆ’ ಅಂತ ಒಂದೇ ಸಾಲಲ್ಲಿ ಮುಗಿಸುವ ಗೈಡುಗಳನ್ನು ಜಾಸ್ತಿ ನಂಬಬೇಡಿ.

ಹಂಪಿಯ ಕಲ್ಲುಹಾಸುಗಳ ಮೇಲೂ ಆಟದ ಮಣೆಗಳನ್ನು ಕೊರೆದಿದ್ದಾರೆ. ಆದರೆ ಹಾಸಿನ ಕಾಲವೇ ಆಟದ ಕಾಲ ಅಂತ ಬರೆಯಬೇಡಿ. ಎಷ್ಟೋ ವರ್ಷದ ಮೇಲೆ ಯಾರೋ ಕೂತು ಕೊರೆದಿರಬಹುದು.

ಅಭ್ಯಾಸಕ್ಕೆ: ಇದೇ ನಿಯಮದಲ್ಲಿ ಗುಳಿಗೆ 4 ಇಟ್ಟು 1ರಿಂದ ಶುರು ಮಾಡಿ. ಎತ್ತುವ ಗುಳಿಗಳು 1, 6, 11, 2, 8, 14, ಮತ್ತೆ 6. ಆಮೇಲೆ 8 ಬರಿದು, 9ರಲ್ಲಿರುವ 6 ಕಾಯಿ ನಿಮ್ಮದು. ಕೊನೆಗೆ 6ನೇ ಗುಳಿಯಲ್ಲಿ ಒಂದೇ ಕಾಯಿ ಇರುತ್ತದೆ, ಅದನ್ನೂ ಎತ್ತಲೇಬೇಕು.