ಡಬಲ್ ಬೇರೆ, ಡ್ಯುಯಲ್ ಬೇರೆ: ಹಳಸದ ಆ್ಯನಿಮೇಶನ್ ಸಿನಿಮಾಗಳ ಬಗ್ಗೆ ಟಿಪ್ಪಣಿ

ಮನೆಮಂದಿಯೆಲ್ಲ ಕೂತು ನೋಡುವ ಆ್ಯನಿಮೇಶನ್ ಸಿನಿಮಾಗಳಲ್ಲಿ ಕೆಲವು ಮಾತ್ರ 20-30 ವರ್ಷ ಕಳೆದರೂ ಹಳಸುವುದಿಲ್ಲ. ಯಾಕೆ ಅಂತ ಓದುತ್ತಾ ಒಂದು ಕಡೆ ಸರಿಯಾಗಿ ಮುಗ್ಗರಿಸಿದೆ: ಕಥೆ ಮಕ್ಕಳು, ದೊಡ್ಡವರು ಇಬ್ಬರ ಜೊತೆಗೂ ಮಾತಾಡುವ ಎರಡು ರೀತಿಗಳನ್ನು (ಡಬಲ್, ಡ್ಯುಯಲ್) ಒಂದೇ ಅಂದುಕೊಂಡಿದ್ದೆ. ಮರೆಯುವ ಮುಂಚೆ ಬರೆದಿಟ್ಟುಕೊಳ್ಳುತ್ತಿದ್ದೇನೆ.

ಕಲೆಕ್ಷನ್ ಲೆಕ್ಕ ಇಲ್ಲಿ ಬೇಡ

1940ರ ‘ಪಿನೋಕಿಯೋ’ ಮೊದಲ ಬಿಡುಗಡೆಯಲ್ಲಿ ಹಾಕಿದ ದುಡ್ಡನ್ನು ವಾಪಸ್ ತರಲಿಲ್ಲ. ಯುದ್ಧದಿಂದಾಗಿ ಯುರೋಪಿನ ಮಾರುಕಟ್ಟೆ ಕೈತಪ್ಪಿತ್ತು. ಅದನ್ನು ಉಳಿಸಿದ್ದು ಮರುಬಿಡುಗಡೆಗಳು. 1999ರ ‘ದಿ ಐರನ್ ಜೈಂಟ್’ ಥಿಯೇಟರಿನಲ್ಲಿ ಮಕಾಡೆ ಮಲಗಿ, ಆಮೇಲೆ ಟಿವಿ, ವಿಡಿಯೊಗಳಲ್ಲಿ ಎದ್ದು ಕೂತಿತು. ಓಡುವುದು ಬೇರೆ, ಉಳಿಯುವುದು ಬೇರೆ.

ತಂತ್ರಜ್ಞಾನದ ಬಗ್ಗೆ ಎರಡೇ ಮಾತು

1995ರ ‘ಟಾಯ್ ಸ್ಟೋರಿ’ ಪೂರ್ತಿ ಕಂಪ್ಯೂಟರಿನಲ್ಲೇ ತಯಾರಾದ ಮೊದಲ ಪೂರ್ಣಾವಧಿ ಚಿತ್ರ. ಈಗ ನೋಡಿದರೆ ಅದರ ಮನುಷ್ಯರ ಮುಖ ಪ್ಲಾಸ್ಟಿಕ್ಕಿನ ಹಾಗೆ ಕಾಣುತ್ತದೆ. ಬೊಂಬೆಗಳು ಮಾತ್ರ ಕೆಟ್ಟಿಲ್ಲ, ಯಾಕಂದರೆ ಅವುಗಳಲ್ಲಿ ಬಹುಪಾಲು ಇರುವುದೇ ಪ್ಲಾಸ್ಟಿಕ್ಕು! ಆಗಿನ ಕಂಪ್ಯೂಟರಿಗೆ ಚರ್ಮ, ಕೂದಲು ಕಷ್ಟ. ನುಣುಪು ಮೈ ಸುಲಭ. ಕೈಲಾಗುವುದನ್ನೇ ಕಥೆಯ ನಾಯಕನನ್ನಾಗಿ ಮಾಡಿದ್ದು ಜಾಣತನ.

ನಾನು ಮುಗ್ಗರಿಸಿದ ಜಾಗ

‘ಒಳ್ಳೆಯ ಫ್ಯಾಮಿಲಿ ಸಿನಿಮಾ ಮಕ್ಕಳಿಗೂ ದೊಡ್ಡವರಿಗೂ ಹಿಡಿಸಬೇಕು’ ಅಂತ ಎಲ್ಲರೂ ಹೇಳುತ್ತಾರೆ. ನಾನು ಅದನ್ನು ಅರ್ಥ ಮಾಡಿಕೊಂಡದ್ದು ಹೀಗೆ: ಮಕ್ಕಳಿಗೆ ಬೀಳುವುದು, ಏಳುವುದು, ಬಣ್ಣ, ದೊಡ್ಡವರಿಗೆ ನಡುನಡುವೆ ಮಕ್ಕಳಿಗೆ ತಿಳಿಯದ ಜೋಕು. ಎರಡು ತಟ್ಟೆ, ಎರಡು ಊಟ. ಇದು ತಪ್ಪು. ತಪ್ಪು ಅಂತ ತಿಳಿಯಲು ನನಗೆ ಮೂರು ದಿನ ಹಿಡಿಯಿತು.

ಬಾರ್ಬರಾ ವಾಲ್ 1991ರಲ್ಲಿ ಮಕ್ಕಳ ಕಥಾಸಾಹಿತ್ಯದ ಬಗ್ಗೆ ಬರೆಯುತ್ತಾ ನಿರೂಪಕ ಓದುಗರ ಜೊತೆ ಮಾತಾಡುವ ರೀತಿಯನ್ನು ಮೂರಾಗಿ ವಿಂಗಡಿಸಿದರು: ಸಿಂಗಲ್, ಡಬಲ್, ಡ್ಯುಯಲ್ ಅಡ್ರೆಸ್ (ಅಡ್ರೆಸ್ ಅಂದರೆ ಇಲ್ಲಿ ವಿಳಾಸವಲ್ಲ, ಸಂಬೋಧನೆ). ಸಿಂಗಲ್ ಅಂದರೆ ಮಗುವಿನ ಜೊತೆ ಮಾತ್ರ ಮಾತು, ಅಲ್ಲಿ ಗೊಂದಲವಿಲ್ಲ. ಉಳಿದೆರಡನ್ನೂ ನನ್ನ ನೋಟ್ಸಿನಲ್ಲಿ ‘ದ್ವಿಮುಖ ಸಂಬೋಧನೆ’ ಅಂತಲೇ ಬರೆದುಕೊಂಡಿದ್ದೆ. ಗ್ರಹಚಾರ ಶುರುವಾದದ್ದೇ ಅಲ್ಲಿಂದ.

ಬಿಡಿಸಿಕೊಟ್ಟದ್ದು ನಮ್ಮದೇ ಹಳೆಯ ಪದಗಳು. ಸಂಸ್ಕೃತ ನಾಟಕದ ‘ಜನಾಂತಿಕ’ ನೆನಪಿದೆಯಲ್ಲ? ರಂಗದ ಮೇಲೆ ಎಲ್ಲರೂ ಇರುವಾಗ ಕೈ ಅಡ್ಡ ಹಿಡಿದು ಒಬ್ಬರಿಗೆ ಮಾತ್ರ ಹೇಳುವ ಮಾತು. ಡಬಲ್ ಅಂದರೆ ಅದೇ: ಮಗುವಿನ ತಲೆಯ ಮೇಲಿಂದ ದೊಡ್ಡವರಿಗೆ ಕಣ್ಣು ಹೊಡೆಯುವುದು. ಡ್ಯುಯಲ್ ಅಂದರೆ ‘ಶ್ಲೇಷೆ’. ಮಾತು ಒಂದೇ, ಅರ್ಥ ಎರಡು, ಎರಡೂ ಪೂರ್ತಿ. ಯಾರಿಗೂ ಅರ್ಧ ಊಟವಿಲ್ಲ.

2003ರ ‘ಫೈಂಡಿಂಗ್ ನೀಮೋ’ದ ಒಂದು ದೃಶ್ಯ ತೆಗೆದುಕೊಳ್ಳಿ. ಮಗ ನೀಮೋನನ್ನು ಹುಡುಕುತ್ತಾ ಹೊರಟ ಅಪ್ಪ ಮೀನು ಮಾರ್ಲಿನ್, ಮರೆವಿನ ಮೀನು ಡೋರಿ, ಇಬ್ಬರೂ ತಿಮಿಂಗಿಲದ ಬಾಯೊಳಗೆ ಸಿಕ್ಕಿಬಿದ್ದಿದ್ದಾರೆ. ಅವನಿಗೆ ಎಂದೂ ಏನೂ ಆಗಲು ಬಿಡುವುದಿಲ್ಲ ಅಂತ ಮಾತು ಕೊಟ್ಟಿದ್ದೆ ಎಂದು ಅಪ್ಪ ಕುಸಿಯುತ್ತಾನೆ. ಅದೆಂಥ ಮಾತು, ಏನೂ ಆಗಲು ಬಿಡದಿದ್ದರೆ ಅವನಿಗೆ ಏನೂ ಆಗುವುದೇ ಇಲ್ಲವಲ್ಲ ಅನ್ನುತ್ತಾಳೆ ಡೋರಿ. ಜೊತೆಗೆ ನೀಮೋನ ಹೆಸರು ಮರೆತು ‘ಹಾರ್ಪೋ’ ಅಂತ ಕರೆಯುತ್ತಾಳೆ.

ಕನ್ನಡದ ‘ಆಗು’ ಇಲ್ಲಿ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ. ಅಪ್ಪನ ಬಾಯಲ್ಲಿ ‘ಏನೂ ಆಗಬಾರದು’ ಅಂದರೆ ಪೆಟ್ಟಾಗಬಾರದು. ಡೋರಿಯ ಬಾಯಲ್ಲಿ ಅದೇ ‘ಆಗು’ ಅಂದರೆ ಬದುಕಿನಲ್ಲಿ ನಡೆಯುವ ಎಲ್ಲವೂ. ಸಿನಿಮಾ ನೋಡುವ ಮಗು ಹಾರ್ಪೋಗೆ ನಗುತ್ತದೆ, ಪಕ್ಕದಲ್ಲಿ ಕೂತ ಅಪ್ಪ ಸುಮ್ಮನಾಗುತ್ತಾನೆ. ಹತ್ತು ವರ್ಷದಲ್ಲಿ ನೀಮೋ ಆಗಿ ನೋಡಿದವರು ಮೂವತ್ತೈದರಲ್ಲಿ ಮಾರ್ಲಿನ್ ಆಗಿ ನೋಡುತ್ತಾರೆ. ಸಿನಿಮಾ ಅಲ್ಲೇ ಇರುತ್ತದೆ, ಪ್ರೇಕ್ಷಕ ಕುರ್ಚಿ ಬದಲಿಸಿರುತ್ತಾನೆ. ನಿರ್ದೇಶಕ ಆ್ಯಂಡ್ರ್ಯೂ ಸ್ಟ್ಯಾಂಟನ್ ಮಗನನ್ನು ಹೊರಗೆ ಕರೆದುಕೊಂಡು ಹೋದಾಗಲೂ ‘ಅದು ಮುಟ್ಟಬೇಡ, ಇದು ಬೇಡ’ ಅನ್ನುತ್ತಲೇ ಇದ್ದ ತನ್ನ ಅತಿ ಕಾಳಜಿಯಿಂದಲೇ ಈ ಕಥೆ ಹುಟ್ಟಿತು ಅಂತ ಹೇಳಿಕೊಂಡಿದ್ದಾರೆ.

ಇವೆರಡನ್ನು ಬೇರೆ ಮಾಡಲು ನನ್ನ ಸುಲಭ ದಾರಿ: ‘ಯಾಕೆ ನಗ್ತಿದ್ದೀಯ?’ ಪರೀಕ್ಷೆ. ದೊಡ್ಡವರು ನಕ್ಕಾಗ ಪಕ್ಕದ ಮಗು ತಿರುಗಿ ಹೀಗೆ ಕೇಳಿತೇ? ಕೇಳಿದರೆ ಜನಾಂತಿಕ. ಕೇಳದೆ ತನ್ನ ಪಾಲಿನದ್ದರಲ್ಲಿ ಮುಳುಗಿದ್ದರೆ ಶ್ಲೇಷೆ. ಜನಾಂತಿಕ ಬೇಗ ಹಳಸಲು ಕಾರಣವೂ ಇಲ್ಲೇ ಸಿಗುತ್ತದೆ. ಅದು ಹೆಚ್ಚಾಗಿ ಆ ಕಾಲದ ನಟರನ್ನೋ ಜಾಹೀರಾತನ್ನೋ ಅಣಕಿಸುತ್ತದೆ. ಹದಿನೈದು ವರ್ಷ ಬಿಟ್ಟು ನೋಡಿದರೆ ದೊಡ್ಡವರೇ ‘ಅದ್ಯಾರು?’ ಅನ್ನುತ್ತಾರೆ. (2001ರ ‘ಶ್ರೆಕ್’ ತುಂಬಾ ಇಂಥ ಅಣಕಗಳೇ, ಆದರೂ ಜನ ನೋಡುತ್ತಾರಲ್ಲ ಅಂತ ನೀವು ಕೇಳಬಹುದು. ಅಣಕದ ಕೆಳಗೆ, ಮುಖ ಕಂಡ ಕೂಡಲೇ ಓಡುವ ಜನರ ನಡುವೆ ಬದುಕಿದವನ ಅವಮಾನವಿದೆ. ಅದು ಏಳು ವರ್ಷದವರಿಗೂ ಗೊತ್ತು.)

ಪರೀಕ್ಷೆ ಕೈಕೊಟ್ಟ ಜಾಗ

1988ರ ‘ಮೈ ನೇಬರ್ ಟೊಟೊರೊ’ದ ಬಸ್ ಸ್ಟಾಪ್ ದೃಶ್ಯ. ಖಳನಾಯಕನೇ ಇಲ್ಲದ ಸಿನಿಮಾ. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ, ಅಷ್ಟೇ. ಮಳೆ, ಕತ್ತಲು, ಅಪ್ಪನ ಬಸ್ಸು ಬಂದಿಲ್ಲ, ಅಕ್ಕನ ಬೆನ್ನ ಮೇಲೆ ತಂಗಿ ನಿದ್ದೆ ಹೋಗಿದ್ದಾಳೆ. ಪಕ್ಕದಲ್ಲಿ ತಲೆಯ ಮೇಲೆ ಎಲೆ ಇಟ್ಟುಕೊಂಡ ದೈತ್ಯ ಪ್ರಾಣಿ ಬಂದು ನಿಲ್ಲುತ್ತದೆ. ತುಂಬಾ ಹೊತ್ತು ಏನೂ ನಡೆಯುವುದಿಲ್ಲ. ಯಾರೂ ನಗುವುದಿಲ್ಲ, ಹಾಗಾಗಿ ಯಾರೂ ಏನೂ ಕೇಳುವುದಿಲ್ಲ.

ನಿರ್ದೇಶಕ ಹಯಾವೊ ಮಿಯಾಝಾಕಿ 2002ರ ಒಂದು ಸಂದರ್ಶನದಲ್ಲಿ ಚಪ್ಪಾಳೆ ತಟ್ಟಿ, ಎರಡು ಚಪ್ಪಾಳೆಗಳ ನಡುವಿನ ತೆರಪನ್ನು ಜಪಾನಿಯಲ್ಲಿ ‘ಮಾ’ ಅನ್ನುತ್ತಾರೆ ಅಂದಿದ್ದರು. ನಾನು ನೆನಪಿಟ್ಟುಕೊಂಡದ್ದು ಸಂಗೀತದಲ್ಲಿ ತಾಳ ಹಾಕುವಾಗ ಬರುವ ‘ಹುಸಿ’ ಅಂತ: ಸದ್ದಿಲ್ಲ, ಆದರೆ ಲೆಕ್ಕಕ್ಕುಂಟು. ಆ ತೆರಪಿನಲ್ಲಿ ಅಮ್ಮನ ಕಾಯಿಲೆ, ಬಾರದ ಬಸ್ಸು ದೊಡ್ಡವರ ತಲೆಗೆ ಬರುತ್ತವೆ. ಮಗುವಿನ ಕಣ್ಣು ಪೂರ್ತಿ ಆ ಪ್ರಾಣಿಯ ಮೇಲೆ. ನಗುವೇ ಇಲ್ಲದ ಶ್ಲೇಷೆ ಇದು, ಅದಕ್ಕೇ ನನ್ನ ಪರೀಕ್ಷೆಗೆ ಸಿಗಲಿಲ್ಲ. ಅಕ್ಕ ಅದಕ್ಕೊಂದು ಕೊಡೆ ಕೊಡುತ್ತಾಳೆ. ಕೊಡೆಯ ಮೇಲೆ ಹನಿ ಟಪ್ ಅಂತ ಬೀಳುತ್ತದೆ. ಆ ಸದ್ದು ಅದಕ್ಕೆ ಎಷ್ಟು ಹಿಡಿಸುತ್ತದೆಂದರೆ, ಮೇಲಕ್ಕೆ ಹಾರಿ ನೆಲಕ್ಕೆ ದೊಪ್ಪೆಂದು ಇಳಿದು, ಮರದ ಹನಿಗಳನ್ನೆಲ್ಲ ಒಂದೇ ಸಲಕ್ಕೆ ಉದುರಿಸಿಕೊಳ್ಳುತ್ತದೆ.