ಹೇಸರಗತ್ತೆ ಎಳೆದ ದೋಣಿ, ಎಂಟು ವರ್ಷ ತಡವಾದ ಕಾಲುವೆ

ನಮಗೆ ಕಾಲುವೆ ಅಂದ್ರೆ ಗದ್ದೆಗೆ ನೀರು. ಅಮೆರಿಕದ ಚೆಸಪೀಕ್ ಆ್ಯಂಡ್ ಒಹಾಯೊ ಕಾಲುವೆಯನ್ನು ತೋಡಿದ್ದು ಬೇಸಾಯಕ್ಕಲ್ಲ, ದೋಣಿ ಓಡಿಸೋದಕ್ಕೆ. ಪಕ್ಕದಲ್ಲೇ ಪೊಟೊಮ್ಯಾಕ್ ನದಿ ಇತ್ತಲ್ವಾ? ಇತ್ತು. ಆದರೆ ಅದರ ತುಂಬ ಬಂಡೆ, ಜಲಪಾತ. ಸರಕು ತುಂಬಿದ ದೋಣಿ ಅಲ್ಲಿ ಬದುಕುವ ಹಾಗಿರಲಿಲ್ಲ.

1828ರ ಜುಲೈ 4ರಂದು ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಗುದ್ದಲಿಪೂಜೆಗೆ ಬಂದರು. ಮೊದಲ ಏಟಿಗೇ ಸನಿಕೆ ಬೇರಿಗೆ ಸಿಕ್ಕಿಕೊಂಡಿತು. ಅವರು ಕೋಟು ಬಿಚ್ಚಿಟ್ಟು ಮತ್ತೆ ಅಗೆದರು, ಜನ ಕೇಕೆ ಹಾಕಿದರು. ನಿಜವಾದ ಅಪಶಕುನ ಇದ್ದದ್ದು ಬೇರೆ ಕಡೆ. ಅದೇ ದಿನ ಬಾಲ್ಟಿಮೋರ್‌ನಲ್ಲಿ ರೈಲು ಹಳಿಗೂ ಅಡಿಗಲ್ಲು ಬಿತ್ತು. ರೈಲು ಕಲ್ಲಿದ್ದಲು ಗಣಿಗಳ ಹತ್ತಿರದ ಕಂಬರ್ಲ್ಯಾಂಡ್ ಊರು ಮುಟ್ಟಿದ್ದು 1842ರಲ್ಲಿ, ಕಾಲುವೆ ಮುಟ್ಟಿದ್ದು 1850ರಲ್ಲಿ. ವಾಷಿಂಗ್ಟನ್‌ನಿಂದ ಒಹಾಯೊ ನದಿವರೆಗೆ ಹೋಗಬೇಕಿದ್ದ ಕಾಲುವೆ ಅಲ್ಲಿಗೇ ನಿಂತಿತು. ಹೆಸರಲ್ಲಿ ಮಾತ್ರ ಒಹಾಯೊ ಉಳಿಯಿತು.

ಹಾಗಂತ ಅದು ದಂಡವಾಗಲಿಲ್ಲ. ಕಲ್ಲಿದ್ದಲಿಗೆ ಅವಸರ ಇರಲ್ಲ ನೋಡಿ. ಒಂದು ದೋಣಿಯಲ್ಲಿ ಸುಮಾರು 120 ಟನ್ ಹಿಡಿಯುತ್ತಿತ್ತು. ದಡದ ದಾರಿಯಲ್ಲಿ ನಡೆಯುತ್ತಾ ಅದನ್ನು ಹಗ್ಗದಿಂದ ಎಳೆಯಲು ಎರಡು ಅಥವಾ ಮೂರು ಹೇಸರಗತ್ತೆ ಸಾಕು. ಆರು ಗಂಟೆ ದುಡಿದರೆ ಆರು ಗಂಟೆ ವಿಶ್ರಾಂತಿ. ಸರದಿ ಇಲ್ಲದ ಜೋಡಿ ದೋಣಿಯ ಮೂತಿಯಲ್ಲಿದ್ದ ಕೊಟ್ಟಿಗೆಯಲ್ಲೇ ಹುಲ್ಲು ಮೇಯುತ್ತಾ ಸಾಗುತ್ತಿತ್ತು. ಕುದುರೆಗಿಂತ ಇವುಗಳ ಖರ್ಚು ಕಡಿಮೆ, ಆಯಸ್ಸು ಜಾಸ್ತಿ. ದೋಣಿಯೇ ಮನೆ. ಹೇಸರಗತ್ತೆ ಹೊಡೆಯೋದು ಎಷ್ಟೋ ಸಲ ಮಕ್ಕಳ ಕೆಲಸ. ತೀರಾ ಚಿಕ್ಕವರು ನೀರಿಗೆ ಬೀಳದಿರಲಿ ಎಂದು ಹಗ್ಗ ಹಾಕಿ ದೋಣಿಗೇ ಕಟ್ಟುತ್ತಿದ್ದರು.

297 ಕಿಲೋಮೀಟರ್ ಉದ್ದದಲ್ಲಿ 605 ಅಡಿ ಏರಬೇಕು. ಅದಕ್ಕಾಗಿ 74 ಲಾಕ್‌ಗಳು. ಲಾಕ್ ಅಂದರೆ ಎರಡೂ ತುದಿಗೆ ಬಾಗಿಲಿರುವ ಉದ್ದನೆಯ ಕಲ್ಲಿನ ತೊಟ್ಟಿ. ತುಂಬಿದ ತೊಟ್ಟಿಗೆ ಮೇಲಿನಿಂದ ದೋಣಿ ಬರುತ್ತದೆ. ತೊಟ್ಟಿ 15 ಅಡಿ ಅಗಲ, ದೋಣಿ ಹದಿನಾಲ್ಕೂವರೆ. ಎರಡೂ ಪಕ್ಕ ನಾಲ್ಕೇ ಬೆರಳು ಜಾಗ. ಬ್ರೇಕ್ ಇಲ್ಲ. ದಡದ ಗೂಟಕ್ಕೆ ಹಗ್ಗ ಸುತ್ತಿ, ಉಜ್ಜಿ ಉಜ್ಜಿ ನಿಲ್ಲಿಸಬೇಕು. ಹಿಂದಿನ ಬಾಗಿಲು ಮುಚ್ಚಿ, ಮುಂದಿನ ಬಾಗಿಲಲ್ಲಿರುವ ಕಿಂಡಿ ತೆರೆದರೆ ನೀರು ಇಳಿಯುತ್ತದೆ, ಜೊತೆಗೆ ದೋಣಿಯೂ ಸುಮಾರು ಎಂಟು ಅಡಿ ಇಳಿಯುತ್ತದೆ. ಪಂಪು, ಯಂತ್ರ ಏನೂ ಇಲ್ಲ. ಬಾಗಿಲುಗಳು ನೀರು ಬರುವ ಕಡೆಗೆ ಮೂಗು ಚಾಚಿದಂತೆ ಕೋನವಾಗಿ ಕೂಡುತ್ತವೆ, ನೀರೇ ಒತ್ತಿ ಬಿಗಿ ಮಾಡುತ್ತದೆ.

ಎದುರುಬದುರು ಎರಡು ದೋಣಿ ಬಂದರೆ? ಖಾಲಿ ದೋಣಿಯವರು ಹಗ್ಗ ಸಡಿಲ ಬಿಟ್ಟು ನೀರಲ್ಲಿ ಮುಳುಗಿಸಬೇಕು, ತುಂಬಿದ ದೋಣಿ ಅದರ ಮೇಲೆ ದಾಟಿ ಹೋಗುತ್ತದೆ. ಬೆಟ್ಟ ಕೊರೆದು ಕಾಲುವೆ ಹಾಯಿಸಿದ ಪಾ ಪಾ ಸುರಂಗದಲ್ಲಿ ಮಾತ್ರ ಇದು ನಡೆಯದು. 3,118 ಅಡಿ ಉದ್ದ, ಒಂದೇ ದೋಣಿಗೆ ದಾರಿ. ಒಮ್ಮೆ ಇಬ್ಬರು ನಾಯಕರು ಒಳಗೆ ಮುಖಾಮುಖಿಯಾಗಿ, ನಾನು ಹಿಂದೆ ಹೋಗಲ್ಲ ಅಂತ ದಿನಗಟ್ಟಲೆ ಹಟ ಹಿಡಿದರಂತೆ. ಕೊನೆಗೆ ಬೆಂಕಿ ಹಾಕಿ ಹೊಗೆ ಬಿಟ್ಟು ಹೊರಗೆ ಕಳಿಸಿದರು ಅಂತ ಕಥೆ. ಹೇಸರಗತ್ತೆಗಳು ಏನಂದುಕೊಂಡವೋ!

1875ರಲ್ಲಿ ಹತ್ತಿರ ಹತ್ತಿರ 10 ಲಕ್ಷ ಟನ್ ಸರಕು ಸಾಗಿತು. 1889ರ ಪ್ರವಾಹ ಕಾಲುವೆಯನ್ನು ಕಿತ್ತು ಹಾಕಿತು, ಕಂಪನಿ ದಿವಾಳಿಯಾಯಿತು. ಹಿಡಿತ ಹೋಗಿದ್ದು ಯಾರ ಕೈಗೆ? ಅದೇ ರೈಲು ಕಂಪನಿಗೆ. 1924ರ ಪ್ರವಾಹದ ನಂತರ ದೋಣಿಗಳು ನಿಂತವು. 1938ರಲ್ಲಿ ಸರ್ಕಾರ 20 ಲಕ್ಷ ಡಾಲರ್ ಕೊಟ್ಟು ಕೊಂಡಿತು.

ಆಮೇಲೆ ಅದರ ಮೇಲೆ ಕಾರು ರಸ್ತೆ ಹಾಕುವ ಮಾತು ಬಂತು. ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಹೂಂ ಅಂದಿತು. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ವಿಲಿಯಂ ಒ. ಡಗ್ಲಸ್ ಸುಮ್ನೆ ಕೂರಲಿಲ್ಲ, ನನ್ನ ಜೊತೆ ಪೂರ್ತಿ ನಡೆದು ನೋಡಿ ಅಂತ ಸಂಪಾದಕರಿಗೆ ಪತ್ರ ಬರೆದರು. 1954ರ ಮಾರ್ಚ್‌ನಲ್ಲಿ ಹೊರಟವರು 58 ಜನ, ಕೊನೆಯವರೆಗೂ ನಡೆದವರು ಡಗ್ಲಸ್ ಸೇರಿ 9 ಜನ. ಪತ್ರಿಕೆ ನಿಲುವು ಬದಲಿಸಿತು, ರಸ್ತೆ ಬರಲಿಲ್ಲ. 1971ರಲ್ಲಿ ಕಾಲುವೆ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ಹೇಸರಗತ್ತೆಗಳು ನಡೆದ ದಾರಿಯಲ್ಲಿ ಈಗ ಸೈಕಲ್‌ಗಳು ಓಡುತ್ತವೆ.